ದಾನಿಯ ಶರ್ತ, ವಿದ್ಯಾರ್ಥಿಯ ಹಂಗು

ಒಬ್ಬರ ಓದಿಗೆ ಇನ್ನೊಬ್ಬರು ಹಣ ಕೊಟ್ಟರೆ, ಓದಿ ಹೊರಬಂದವರ ಬದುಕಿನ ಮೇಲೆ ಹಣ ಕೊಟ್ಟವರಿಗೆ ಎಷ್ಟು ಹಕ್ಕು ಉಳಿಯುತ್ತದೆ? ಉಪ್ಪಿನ ಋಣ, ವಿದ್ಯೆಯ ಋಣ ಎಂಬ ಮಾತುಗಳನ್ನು ಕೇಳುತ್ತಲೇ ಬೆಳೆದ ನಮಗೆ ಇದು ಹೊಸ ಪ್ರಶ್ನೆಯಲ್ಲ. ಆದರೆ ಆ ಋಣವನ್ನು ಕಾಗದದ ಮೇಲೆ ಬರೆಸಿ, ಸಹಿ ಹಾಕಿಸಿಕೊಂಡು, ತೀರಿಸದಿದ್ದರೆ ನ್ಯಾಯಾಲಯದ ಮೆಟ್ಟಿಲೇರಬಹುದೇ ಎಂದು ಕೇಳಿದರೆ ಉತ್ತರ ಅಷ್ಟು ಸಲೀಸಾಗಿ ಬರುವುದಿಲ್ಲ. ಅಮೆರಿಕದಲ್ಲಿ ಇದೇ ಪ್ರಶ್ನೆ ಒಂದು ದೊಡ್ಡ ವಿಶ್ವವಿದ್ಯಾನಿಲಯವನ್ನೂ ಒಂದು ಶ್ರೀಮಂತ ಕುಟುಂಬವನ್ನೂ ಆರು ವರ್ಷಗಳ ಕಾಲ ಎದುರುಬದುರು ನಿಲ್ಲಿಸಿತ್ತು. ಆ ವ್ಯಾಜ್ಯದಲ್ಲಿ ಹಣದ ಮಾತೇ ಹೆಚ್ಚು ನಡೆಯಿತು. ಅದರ ಅಡಿಯಲ್ಲಿದ್ದ ನೈತಿಕ ಪ್ರಶ್ನೆ ಹಾಗೆಯೇ ಉಳಿದುಹೋಯಿತು. 2025ರ ಬಳಿಕವಂತೂ ಅದು ಇನ್ನಷ್ಟು ತೀಕ್ಷ್ಣವಾಗಿದೆ.

ಕತೆ ಆರಂಭವಾಗುವುದು 1961ರಲ್ಲಿ. ಶೀತಲ ಸಮರದ ಕಾಲ. ಚಾರ್ಲ್ಸ್ ರಾಬರ್ಟ್‌ಸನ್ ಎಂಬವರು ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಹಳೆಯ ವಿದ್ಯಾರ್ಥಿ. ಅವರ ಪತ್ನಿ ಮೇರಿ, ದೇಶದುದ್ದಗಲಕ್ಕೂ ಅಂಗಡಿಗಳಿದ್ದ ಎ ಆ್ಯಂಡ್ ಪಿ ಎಂಬ ದಿನಸಿ ಕಂಪೆನಿಯ ಸಂಪತ್ತಿನ ವಾರಸುದಾರರಲ್ಲಿ ಒಬ್ಬರು. ಈ ದಂಪತಿ ಮೂರೂವರೆ ಕೋಟಿ ಡಾಲರು ಬೆಲೆಯ ಆ ಕಂಪೆನಿಯ ಶೇರುಗಳನ್ನು ಪ್ರಿನ್ಸ್‌ಟನ್ನಿನ ವುಡ್ರೋ ವಿಲ್ಸನ್ ಸ್ಕೂಲಿಗಾಗಿ ಕೊಟ್ಟರು. ಉದ್ದೇಶವನ್ನೂ ಬರೆದಿಟ್ಟರು: ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಸರಕಾರಿ ಸೇವೆಗೆ, ಅದರಲ್ಲೂ ವಿಶೇಷವಾಗಿ ಅಂತಾರಾಷ್ಟ್ರೀಯ ವ್ಯವಹಾರಗಳ ಕ್ಷೇತ್ರಕ್ಕೆ ತಯಾರು ಮಾಡಬೇಕು. ಹಣ ನೋಡಿಕೊಳ್ಳಲು ಪ್ರತ್ಯೇಕ ಪ್ರತಿಷ್ಠಾನ; ಅದರಲ್ಲಿ ಏಳು ಟ್ರಸ್ಟಿಗಳು, ನಾಲ್ವರು ವಿಶ್ವವಿದ್ಯಾನಿಲಯದ ಕಡೆಯವರು, ಮೂವರು ಕುಟುಂಬದ ಕಡೆಯವರು. ಕೊಟ್ಟವರು ತಮ್ಮ ಹೆಸರು ಹೊರಗೆ ಬರಬಾರದೆಂದು ಬಯಸಿದ್ದರು, ಹಲವು ವರ್ಷ ಬರಲೂ ಇಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತನ್ನು ಅಷ್ಟರಮಟ್ಟಿಗೆ ಪಾಲಿಸಿದ ದಾನ ಅದು.

ದಾನಿಗಳ ಕಾಲ ಮುಗಿಯಿತು, ಹಣ ಮಾತ್ರ ಬೆಳೆಯುತ್ತಾ ಹೋಯಿತು. 2008ರ ಮಧ್ಯಭಾಗಕ್ಕೆ ಅದು ಸುಮಾರು 90 ಕೋಟಿ ಡಾಲರು ತಲುಪಿತ್ತು. ಅದಕ್ಕೆ ಮೊದಲೇ, 2002ರಲ್ಲಿ, ರಾಬರ್ಟ್‌ಸನ್ ಅವರ ಮಕ್ಕಳು ನ್ಯೂಜೆರ್ಸಿಯ ನ್ಯಾಯಾಲಯದಲ್ಲಿ ದಾವೆ ಹೂಡಿದ್ದರು. ಅವರ ದೂರು ಎರಡು ಬಗೆಯದು. ಒಂದು, ಹಣ ಬೇರೆಬೇರೆ ವಿಭಾಗಗಳಿಗೆ, ಕಟ್ಟಡಕ್ಕೆ, ಸಂಬಂಧವಿಲ್ಲದ ಬಾಬತ್ತುಗಳಿಗೆ ಹರಿದುಹೋಗುತ್ತಿದೆ. ಇದು ಲೆಕ್ಕಪತ್ರದ ವಿಚಾರ, ಇದನ್ನು ಲೆಕ್ಕಿಗರು ನೋಡಿಕೊಳ್ಳಲಿ. ಎರಡನೆಯದು ನಮಗೆ ಮುಖ್ಯ. ಈ ಹಣದಲ್ಲಿ ಓದಿದವರಲ್ಲಿ ಅಮೆರಿಕ ಸರಕಾರದ ವಿದೇಶ ವ್ಯವಹಾರಗಳ ಕೆಲಸಕ್ಕೆ ಹೋದವರು ತೀರಾ ಕಡಿಮೆ, ಆದ್ದರಿಂದ ತಂದೆತಾಯಿಯ ಇಚ್ಛೆ ನೆರವೇರಿಲ್ಲ ಎಂಬುದು ಅವರ ವಾದ. ವಿಶ್ವವಿದ್ಯಾನಿಲಯದ ಉತ್ತರ ಹೀಗಿತ್ತು: ನಾವು ತರಬೇತಿ ಕೊಡಬಹುದು, ಪ್ರೋತ್ಸಾಹಿಸಬಹುದು, ಯಾವ ಕೆಲಸಕ್ಕೆ ಹೋಗಬೇಕೆಂದು ವಿದ್ಯಾರ್ಥಿಯನ್ನು ಒತ್ತಾಯಿಸಲಾಗದು. ಅಲ್ಲದೆ ವಿಶ್ವಬ್ಯಾಂಕಿನಲ್ಲೋ ವಿಶ್ವಸಂಸ್ಥೆಯಲ್ಲೋ ಸ್ವಯಂಸೇವಾ ಸಂಸ್ಥೆಯಲ್ಲೋ ದುಡಿಯುವವರು ಲೋಕಸೇವೆಯನ್ನೇ ಮಾಡುತ್ತಿಲ್ಲವೇ?

ವಿಚಾರಣೆ 2009ರ ಆರಂಭದಲ್ಲಿ ಶುರುವಾಗಬೇಕಿತ್ತು. 2008ರ ಡಿಸೆಂಬರಿನಲ್ಲಿ ರಾಜಿಯಾಯಿತು. ಹಳೆಯ ಪ್ರತಿಷ್ಠಾನ ವಿಸರ್ಜನೆಯಾಗಿ ನಿಧಿ ಪೂರ್ತಿಯಾಗಿ ಪ್ರಿನ್ಸ್‌ಟನ್ನಿನ ಕೈಗೆ ಬಂತು. ಪ್ರತಿಯಾಗಿ, ಕುಟುಂಬ ಕಟ್ಟುವ ಹೊಸ ಪ್ರತಿಷ್ಠಾನಕ್ಕೆ ಕಂತುಗಳಲ್ಲಿ 5 ಕೋಟಿ ಡಾಲರು, ಕುಟುಂಬದ ಕಾನೂನು ವೆಚ್ಚಕ್ಕೆ 4 ಕೋಟಿ ಡಾಲರು. ಈ 4 ಕೋಟಿಯನ್ನು ಓದುಗರು ಒಂದು ಕ್ಷಣ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಬ್ಬ ವಿದ್ಯಾರ್ಥಿಯ ಸ್ನಾತಕೋತ್ತರ ಓದಿಗೆ 1 ಲಕ್ಷ ಡಾಲರು ಎಂದು ಹಿಡಿದರೂ 400 ಮಂದಿಯ ಓದು ಅದರಲ್ಲಿ ಮುಗಿಯುತ್ತಿತ್ತು. ವಿದ್ಯಾರ್ಥಿಗಳ ಹೆಸರಿನಲ್ಲಿ ಕೊಟ್ಟ ದಾನ ಕೊನೆಗೆ ವಕೀಲರನ್ನೂ ಸಾಕಿತು.

ವಕ್ಫ್ ಎಂಬ ಪದದ ಪರಿಚಯವಿರುವ ನಮ್ಮ ಓದುಗರಿಗೆ ಈ ಕತೆ ಎಲ್ಲೋ ಕೇಳಿದಂತೆ ಅನಿಸಿದರೆ ಅಚ್ಚರಿಯಿಲ್ಲ. ವಕ್ಫ್ ಮಾಡಿದವರು ವಿಧಿಸಿದ ಶರ್ತವನ್ನು ಶಾಸನದಷ್ಟೇ ಗೌರವದಿಂದ ಕಾಣಬೇಕೆಂದು ಫುಕಹಾಗಳು ಹೇಳಿದ್ದಾರೆ. ಹಾಗೆಯೇ ಮೂಲ ಆಸ್ತಿ ನಿರುಪಯೋಗಿಯಾದಾಗ ಅದನ್ನು ಬದಲಿಸಿಕೊಳ್ಳುವುದಕ್ಕೂ ಅವರು ದಾರಿ ಬಿಟ್ಟಿದ್ದಾರೆ. ದಾನಿಯ ಮಾತು ದೊಡ್ಡದೋ, ದಾನದ ಫಲ ದೊಡ್ಡದೋ ಎಂಬ ಜಗ್ಗಾಟ ಅಲ್ಲಿಯೂ ಇದೆ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಬಾವಿಯನ್ನೋ ತೋಟವನ್ನೋ ವಕ್ಫ್ ಮಾಡಿದರೆ ಶರ್ತ ಬೀಳುವುದು ಬಾವಿಯ ಮೇಲೆ, ತೋಟದ ಮೇಲೆ. ಬಾವಿಗೆ ಮನಸ್ಸಿಲ್ಲ. ವಿದ್ಯಾರ್ಥಿವೇತನದಲ್ಲಿ ಶರ್ತ ಬೀಳುವುದು ಇಪ್ಪತ್ತೈದರ ಆಸುಪಾಸಿನ ಒಬ್ಬ ಮನುಷ್ಯನ ಮೇಲೆ. ಓದುತ್ತಾ ಓದುತ್ತಾ ಅವನ ಮನಸ್ಸು ಬದಲಾಗಬಹುದು. ಬದಲಾಗದಿದ್ದರೆ ಅದೆಂಥ ಓದು ಎಂದೂ ಕೇಳಬಹುದು. ವಿದೇಶಾಂಗ ನೀತಿಯನ್ನು ಆಳವಾಗಿ ಅಭ್ಯಸಿಸಿದ ವಿದ್ಯಾರ್ಥಿನಿಯೊಬ್ಬಳು, ತನ್ನ ದೇಶ ಯುದ್ಧಕ್ಕೆ ಹೊರಟಿರುವ ರೀತಿ ಅನ್ಯಾಯದ್ದೆಂದು ತೀರ್ಮಾನಿಸಿ ಆ ಸರಕಾರದ ನೌಕರಿ ಬೇಡವೆಂದರೆ ಅವಳು ದಾನಿಗೆ ದ್ರೋಹ ಬಗೆದಳೇ? ಅಥವಾ ದಾನಿ ಕೊಡಿಸಿದ ವಿದ್ಯೆಯನ್ನೇ ಸರಿಯಾಗಿ ಬಳಸಿದಳೇ? ರಾಬರ್ಟ್‌ಸನ್ ದಾವೆ ನಡೆದ ಆರು ವರ್ಷಗಳು ಇರಾಕ್ ಯುದ್ಧದ ವರ್ಷಗಳೂ ಆಗಿದ್ದವು. ಈ ಪ್ರಶ್ನೆ ಆಗ ಕೇವಲ ತರ್ಕದ ಪ್ರಶ್ನೆಯಾಗಿರಲಿಲ್ಲ. ಆದರೂ ದಾವೆಯಲ್ಲಿ ಇದ್ದವರು ಇಬ್ಬರೇ, ಕೊಟ್ಟವರ ಮಕ್ಕಳು ಮತ್ತು ಪಡೆದ ಸಂಸ್ಥೆ. ಯಾರ ಬದುಕಿನ ಕುರಿತು ವಾದ ನಡೆಯುತ್ತಿತ್ತೋ ಆ ವಿದ್ಯಾರ್ಥಿಗಳು ಕಕ್ಷಿದಾರರೇ ಆಗಿರಲಿಲ್ಲ.

ರಾಜಿಯ ನಂತರ ಎರಡೂ ಕಡೆಯವರು ತಂತಮ್ಮ ದಾರಿ ಹಿಡಿದರು. ಆ ದಾರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ಪ್ರಶ್ನೆ ಸ್ಪಷ್ಟವಾಗುತ್ತದೆ. ಕುಟುಂಬದ ಹೊಸ ಪ್ರತಿಷ್ಠಾನ ಕೆಲವು ಆಯ್ದ ವಿಶ್ವವಿದ್ಯಾನಿಲಯಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಹಣ ಕೊಡುತ್ತಾ ಬಂದಿದೆ, ಆದರೆ ಶರ್ತದೊಡನೆ: ಪದವಿ ಪಡೆದ ಮೊದಲ ಐದು ವರ್ಷಗಳಲ್ಲಿ ಮೂರು ವರ್ಷ ಅಮೆರಿಕದ ಕೇಂದ್ರ ಸರಕಾರದಲ್ಲಿ ದುಡಿಯಬೇಕು. ಪ್ರಿನ್ಸ್‌ಟನ್ ತನ್ನ ಸಾರ್ವಜನಿಕ ವ್ಯವಹಾರಗಳ ಸ್ನಾತಕೋತ್ತರ ತರಗತಿಗೆ ಸೇರಿದ ಎಲ್ಲರ ಬೋಧನಾ ಶುಲ್ಕವನ್ನೂ, ವಿದೇಶಿ ವಿದ್ಯಾರ್ಥಿಗಳದ್ದನ್ನೂ ಸೇರಿಸಿ, ತಾನೇ ಭರಿಸುತ್ತದೆ. ಇಲ್ಲಿ ಮುಚ್ಚಳಿಕೆಯಿಲ್ಲ, ಹುಡುಗ ಹುಡುಗಿಯರ ಆತ್ಮಸಾಕ್ಷಿಯ ಮೇಲೆ ಬಿಟ್ಟದ್ದು. ಅಂದ ಹಾಗೆ, 2020ರಲ್ಲಿ ಆ ಸ್ಕೂಲಿನ ಹೆಸರಿನಿಂದ ವುಡ್ರೋ ವಿಲ್ಸನ್ನರನ್ನು ಕೈಬಿಡಲಾಯಿತು. 1913ರಲ್ಲಿ ಅಧ್ಯಕ್ಷರಾದ ಆ ಮಹಾಶಯರ ಆಡಳಿತದಲ್ಲೇ ಕೇಂದ್ರ ಸರಕಾರದ ಕಚೇರಿಗಳಲ್ಲಿ ಕರಿಯ ನೌಕರರನ್ನು ಬೇರೆ ಕೂರಿಸುವ ಪದ್ಧತಿ ಹಬ್ಬಿತ್ತು. ಅಂಥವರ ಹೆಸರು ಲೋಕಸೇವೆ ಕಲಿಸುವ ಶಾಲೆಯ ಮೇಲೆ ದಶಕಗಳ ಕಾಲ ಇತ್ತು.

ಇವೆರಡರಲ್ಲಿ ಯಾವುದು ಸರಿ? ಮೊದಲ ನೋಟಕ್ಕೆ ಪ್ರಿನ್ಸ್‌ಟನ್ನಿನ ದಾರಿಯೇ ಉದಾರವಾಗಿ ಕಾಣುತ್ತದೆ. ಸೇವೆಯನ್ನು ಕೊಂಡುಕೊಳ್ಳಲು ಬರುವುದಿಲ್ಲ, ಕೊಂಡುಕೊಂಡದ್ದು ಸೇವೆಯಾಗಿ ಉಳಿಯುವುದಿಲ್ಲ ಎಂಬ ಮಾತಿನಲ್ಲಿ ಸತ್ಯವಿದೆ. ಆದರೆ ನಾವು ಅಷ್ಟಕ್ಕೇ ನಿಲ್ಲಲಾರೆವು. ಶರ್ತವಿಲ್ಲದ ಇಷ್ಟು ದೊಡ್ಡ ಉದಾರತೆ ಸಾಧ್ಯವಾಗುವುದು ನಿಧಿ ತುಂಬಿ ತುಳುಕುವ ಬೆರಳೆಣಿಕೆಯ ಸಂಸ್ಥೆಗಳಿಗೆ. ಅಲ್ಲಿ ಪ್ರವೇಶ ಸಿಗುವವರೂ ಬೆರಳೆಣಿಕೆಯ ಮಂದಿ. ಉಳಿದವರಿಗೆ, ಬೋಧನಾ ಶುಲ್ಕವೇ ವರ್ಷಕ್ಕೆ 50 ಸಾವಿರ ಡಾಲರು ದಾಟಿರುವ ಖಾಸಗಿ ವಿಶ್ವವಿದ್ಯಾನಿಲಯಗಳಲ್ಲಿ, ಇರುವ ದಾರಿ ಸಾಲ. ಸಾಲ ಹೊತ್ತು ಓದಿದವನಿಗೆ ಯಾವ ಮುಚ್ಚಳಿಕೆಯೂ ಇರುವುದಿಲ್ಲ ನಿಜ. ಆದರೆ ಅವನು ಸ್ವತಂತ್ರನೇ? ಕಂತು ಕಟ್ಟಲು ಹೆಚ್ಚು ಸಂಬಳದ ಸಲಹಾ ಕಂಪೆನಿಗೋ ಬ್ಯಾಂಕಿಗೋ ಅವನು ಹೋಗಲೇಬೇಕು. ಸಾಲವೂ ಒಂದು ಮುಚ್ಚಳಿಕೆಯೇ. ಅದರಲ್ಲಿ ಎಲ್ಲಿ ದುಡಿಯಬೇಕೆಂದು ಬರೆದಿಲ್ಲ, ಅಷ್ಟೇ. ಸೇವೆಯ ಶರ್ತ ಹಾಕುವ ದಾನಿಯನ್ನು ಕಠೋರನೆಂದು ಬಗೆಯುವ ನಾವು, ಸಾಲ ಕೊಡುವ ಬ್ಯಾಂಕನ್ನು ತಟಸ್ಥವೆಂದು ಬಗೆಯುವುದು ವಿಚಿತ್ರ.

ಅಮೆರಿಕದ ಸರಕಾರ ಇದಕ್ಕೊಂದು ಪರಿಹಾರವನ್ನು 2007ರ ಕಾನೂನಿನಲ್ಲಿ ಮಾಡಿತ್ತು. ಸರಕಾರದಲ್ಲೋ ಲಾಭರಹಿತ ಸಂಸ್ಥೆಯಲ್ಲೋ ದುಡಿಯುತ್ತಾ ಸಾಲದ 120 ಮಾಸಿಕ ಕಂತುಗಳನ್ನು ಕಟ್ಟಿದವರಿಗೆ ಉಳಿದ ಸಾಲ ಮನ್ನಾ ಎಂಬ ವಾಗ್ದಾನ. ಹತ್ತು ವರ್ಷ ಕಳೆದು 2017ರಲ್ಲಿ ಮೊದಲ ತಂಡದವರು ಅರ್ಜಿ ಹಾಕಿದಾಗ ಏನಾಯಿತು? ಆರಂಭದ ಅರ್ಜಿಗಳಲ್ಲಿ ನೂರಕ್ಕೆ ಸುಮಾರು 99 ತಿರಸ್ಕೃತವಾದವು. ಸಾಲದ ಬಗೆ ಸರಿಯಿಲ್ಲ, ಕಂತಿನ ಯೋಜನೆ ಸರಿಯಿಲ್ಲ, ನಮೂನೆ ಸರಿಯಿಲ್ಲ ಎಂಬ ಕಾರಣಗಳು. 2021ರ ನಂತರ ನಿಯಮ ಸಡಿಲಿಸಿದ ಮೇಲೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿಗೆ ಮನ್ನಾ ದೊರೆಯಿತೆನ್ನುವುದನ್ನೂ ಹೇಳಬೇಕು. ಆದರೆ ಹತ್ತು ವರ್ಷ ಕಡಿಮೆ ಸಂಬಳಕ್ಕೆ ದುಡಿದು ಕೊನೆಗೆ ತಿರಸ್ಕಾರದ ಪತ್ರ ಪಡೆದವರು, ಮಾತು ತಪ್ಪಿದ್ದು ತಾವಲ್ಲ ಎಂದು ಯಾರ ಮುಂದೆ ಹೇಳಬೇಕಿತ್ತು? ಈಗ ಆ ಸಾಲದ ದಾರಿಯೂ ಕಿರಿದಾಗಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪೂರ್ತಿ ವೆಚ್ಚದ ಮಟ್ಟಿಗೆ ಸಿಗುತ್ತಿದ್ದ ಸರಕಾರಿ ಸಾಲವನ್ನು 2025ರ ಜುಲೈಯ ಕಾನೂನು 2026ರ ಜುಲೈ 1ರಿಂದ ಹೊಸಬರಿಗೆ ರದ್ದು ಮಾಡಿದೆ.

ಆದ್ದರಿಂದ ಶರ್ತಬದ್ಧ ವಿದ್ಯಾರ್ಥಿವೇತನವನ್ನು ತಾತ್ಸಾರದಿಂದ ಕಾಣುವುದು ಉಳ್ಳವರ ಮಾತಾಗುತ್ತದೆ. ಅಮೆರಿಕದ ವಿದೇಶಾಂಗ ಸೇವೆ ಬಹುಕಾಲ ಪ್ರತಿಷ್ಠಿತ ಮನೆತನಗಳ ಬಿಳಿಯ ಗಂಡಸರ ಕೂಟವಾಗಿತ್ತು. ಅದನ್ನು ಒಡೆಯಲೆಂದೇ 1992ರಲ್ಲಿ ಪಿಕರಿಂಗ್ ಫೆಲೊಶಿಪ್, 2002ರಲ್ಲಿ ರ‍್ಯಾಂಗೆಲ್ ಫೆಲೊಶಿಪ್, 2012ರಲ್ಲಿ ಪೇನ್ ಫೆಲೊಶಿಪ್ ಬಂದವು. ಮೊದಲೆರಡು ರಾಯಭಾರ ಸೇವೆಗೆ, ಮೂರನೆಯದು ಯುಎಸ್‌ಏಡ್ ಎಂಬ ವಿದೇಶಿ ನೆರವಿನ ಇಲಾಖೆಗೆ. ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ 42 ಸಾವಿರ ಡಾಲರಿನವರೆಗೆ ಎರಡು ವರ್ಷ ಹಣ, ರಜೆಯಲ್ಲಿ ತರಬೇತಿ, ಪದವಿಯ ನಂತರ ಐದು ವರ್ಷ ಸೇವೆಯ ಕರಾರು. ಕರಿಯರ, ಸ್ಪಾನಿಶ್ ಮೂಲದವರ, ವಲಸೆ ಬಂದವರ ಮಕ್ಕಳು ರಾಯಭಾರ ಕಚೇರಿಗಳ ಒಳಗೆ ಕಾಣಿಸಿಕೊಂಡದ್ದರಲ್ಲಿ ಈ ಕರಾರಿನ ಪಾಲು ಸಣ್ಣದಲ್ಲ. ಕರಾರು ಅವರಿಗೆ ಸಂಕೋಲೆಯಾಗುವುದಕ್ಕೆ ಮೊದಲು ಬಾಗಿಲಾಗಿತ್ತು. ಶ್ರೀಮಂತರ ಮಗನಿಗೆ ಬಾಗಿಲು ತಟ್ಟುವ ಕೆಲಸವೇ ಇರಲಿಲ್ಲ. 2015ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯ ಕಚೇರಿಯೊಂದರಲ್ಲಿ ಸಂಬಳವಿಲ್ಲದೆ ತರಬೇತಿ ಪಡೆಯುತ್ತಿದ್ದ ಯುವಕನೊಬ್ಬ ಸರೋವರದ ದಂಡೆಯಲ್ಲಿ ಗುಡಾರ ಹಾಕಿ ಮಲಗುತ್ತಿದ್ದ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲಾ ಬಂತು. ತಾನು ಅದನ್ನು ಗಮನ ಸೆಳೆಯಲೆಂದೂ ಮಾಡಿದ್ದೆನೆಂದು ಆತ ನಂತರ ಹೇಳಿದ. ಆದರೂ ಆ ದುಬಾರಿ ಊರಿನಲ್ಲಿ ಆರು ತಿಂಗಳು ಸಂಬಳವಿಲ್ಲದೆ ಇರಬಲ್ಲವರು ಯಾರು ಎಂಬ ಪ್ರಶ್ನೆಗೆ ಉತ್ತರವನ್ನು ಯಾರೂ ನಿರಾಕರಿಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯಂಥವು ಆಮೇಲೆ ತರಬೇತುದಾರರಿಗೆ ಭತ್ಯೆ ಕೊಡತೊಡಗಿದವು.

ಹಾಗಾದರೆ ಕರಾರು ನ್ಯಾಯವೇ? ನ್ಯಾಯವಾಗಬಹುದು ಎಂದು ನಾವು ಭಾವಿಸುತ್ತೇವೆ. ಅವಧಿ ಮಿತವಾಗಿರಬೇಕು, ಆತ್ಮಸಾಕ್ಷಿಗೆ ಒಪ್ಪದಿದ್ದಾಗ ಹಣ ಮರಳಿಸಿ ಬಿಡುಗಡೆ ಹೊಂದುವ ಅವಕಾಶವಿರಬೇಕು. ಇವು ಎಲ್ಲರೂ ಹೇಳುವ ಮಾತು. ಯಾರೂ ಹೇಳದ ಮಾತು ಇನ್ನೊಂದಿದೆ. ಕರಾರೆಂದರೆ ಎರಡು ಕೈಗಳ ವ್ಯವಹಾರ. ಈ ಪತ್ರಗಳಲ್ಲಿ ಪಡೆಯುವವನ ಕೈಯನ್ನು ಮಾತ್ರ ಕಟ್ಟಲಾಗುತ್ತದೆ. ಸೇವೆ ಮಾಡದಿದ್ದರೆ ಅವನು ಏನು ಕಟ್ಟಬೇಕೆಂಬುದು ಪುಟಗಟ್ಟಲೆ ಇರುತ್ತದೆ. ಸೇವೆ ಮಾಡಲು ಅವನು ಬಂದು ನಿಂತಾಗ ಕೊಟ್ಟವರು ಬಾಗಿಲು ತೆರೆಯದಿದ್ದರೆ ಅವರು ಏನು ಕಟ್ಟಬೇಕು? ಆ ಪ್ರಶ್ನೆಗೆ ವಾಗ್ದಾನದ ಮಾತಿನಲ್ಲಿ ಇರುವಷ್ಟು ಜಾಗ ಎಂದೂ ಸಿಕ್ಕಿಲ್ಲ.

ಇದು ಬರಿಯ ಊಹೆಯಲ್ಲ. 2025ರ ಜನವರಿ 20ರಂದು ಅಮೆರಿಕದ ಹೊಸ ಆಡಳಿತ ವಿದೇಶಿ ನೆರವನ್ನು ತಡೆಹಿಡಿಯಿತು. ಕೆಲವೇ ವಾರಗಳಲ್ಲಿ ಯುಎಸ್‌ಏಡ್‌ನ ಸಾವಿರಾರು ನೌಕರರು ಮನೆಗೆ ಹೋದರು. ಜುಲೈ 1ಕ್ಕೆ ಆ ಇಲಾಖೆ ಸ್ವತಂತ್ರವಾಗಿ ಉಳಿಯಲಿಲ್ಲ, ಅಳಿದುಳಿದದ್ದು ವಿದೇಶಾಂಗ ಇಲಾಖೆಯಲ್ಲಿ ಸೇರಿಹೋಯಿತು. ಅದೇ ತಿಂಗಳು ವಿದೇಶಾಂಗ ಇಲಾಖೆಯೂ 1,300ಕ್ಕೂ ಹೆಚ್ಚು ಮಂದಿಯನ್ನು ಕೆಲಸದಿಂದ ತೆಗೆಯಿತು. 2023ರಲ್ಲಿ ಪೇನ್ ಫೆಲೊಶಿಪ್ಪಿನ ಕರಾರಿಗೆ ಸಹಿ ಹಾಕಿ ಓದು ಶುರು ಮಾಡಿದ ವಿದ್ಯಾರ್ಥಿಯನ್ನು ಊಹಿಸಿಕೊಳ್ಳಿ. 2025ರ ಬೇಸಿಗೆಯಲ್ಲಿ ಅವಳ ಪದವಿ ಮುಗಿಯುತ್ತದೆ. ಸೇವೆಗೆ ಅವಳು ಸಿದ್ಧ. ಐದು ವರ್ಷ ದುಡಿಯುತ್ತೇನೆಂದು ಮಾತು ಕೊಟ್ಟ ಇಲಾಖೆಯೇ ಈಗಿಲ್ಲ. ಅವಳ ಹಂಗು ತೀರಿತೇ? ಹಣದ ಹಂಗು ತೀರಿತೆಂದೇ ಹೇಳಬೇಕು, ತಪ್ಪಿದ್ದು ಅವಳಲ್ಲ. ಆದರೆ ಅವಳು ಕಳೆದುಕೊಂಡದ್ದು ಎರಡು ವರ್ಷವನ್ನಷ್ಟೇ ಅಲ್ಲ. ಬೇರೆ ದಾರಿಗಳನ್ನು ಬಿಟ್ಟುಕೊಟ್ಟು ಅವಳು ಈ ದಾರಿಗೆ ಬಂದಿದ್ದಳು. ಒಂದು ಸರಕಾರ ಹೋಗಿ ಇನ್ನೊಂದು ಬರುವುದು ಪ್ರಜಾಪ್ರಭುತ್ವದಲ್ಲಿ ಸಹಜ, ನೀತಿ ಬದಲಿಸುವ ಹಕ್ಕೂ ಅದಕ್ಕಿದೆ ಎಂದು ವಾದಿಸಬಹುದು. ಒಪ್ಪೋಣ. ಹಾಗಾದರೆ ಇಪ್ಪತ್ಮೂರರ ಹುಡುಗಿಗೂ ನೀತಿ ಬದಲಿಸುವ ಹಕ್ಕಿರಬೇಕಲ್ಲವೇ? ಬಲವಂತನ ಮನಸ್ಸು ಬದಲಾದರೆ ಅದು ನೀತಿ, ಬಡವನ ಮನಸ್ಸು ಬದಲಾದರೆ ಅದು ಕರಾರುಭಂಗ ಎಂಬ ಲೆಕ್ಕ ನಮಗೆ ಅರ್ಥವಾಗುವುದಿಲ್ಲ.

ಕರಾರಿನ ಈ ಒಂಟಿಗೈತನಕ್ಕೆ ನಮ್ಮ ದೇಶದಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಉದಾಹರಣೆಯಿದೆ. 1913ರಲ್ಲಿ, ಮೇಲೆ ಹೇಳಿದ ವಿಲ್ಸನ್ ಅಧ್ಯಕ್ಷರಾದ ವರ್ಷವೇ, ಭೀಮರಾವ್ ಅಂಬೇಡ್ಕರ್ ಬರೋಡಾ ಮಹಾರಾಜರ ವಿದ್ಯಾರ್ಥಿವೇತನ ಪಡೆದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದರು. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಮರಳಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರು. ಅವರು ಮಾತು ಉಳಿಸಿಕೊಂಡರು. ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು 1917ರಲ್ಲಿ ಬರೋಡಾಕ್ಕೆ ಬಂದರು. ಮಹಾರಾಜರು ಹುದ್ದೆಯನ್ನೂ ಕೊಟ್ಟರು. ಆದರೆ ಆ ಊರಿನಲ್ಲಿ ಅಸ್ಪೃಶ್ಯ ಅಧಿಕಾರಿಗೆ ಮಲಗಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರಿನಲ್ಲಿ ತಂಗಿದರು. ವಿಷಯ ತಿಳಿದ ಒಂದು ಗುಂಪು ದೊಣ್ಣೆ ಹಿಡಿದು ಬಂತು. ಕೆಲವೇ ದಿನಗಳಲ್ಲಿ ಅವರು ಬರೋಡಾ ಬಿಡಬೇಕಾಯಿತು. ಕರಾರಿನ ಪ್ರಕಾರ ಸೇವೆ ಪೂರ್ತಿಯಾಗಲಿಲ್ಲ. ಮುರಿದವರು ಯಾರು? ಸಯಾಜಿರಾವ್ ಗಾಯಕವಾಡರು ಆ ಕಾಲದ ದೊರೆಗಳಲ್ಲಿ ಉದಾರಿಗಳೇ. ಅವರ ಮೇಲೆ ನಮ್ಮ ದೂರಿಲ್ಲ. ಹತ್ತು ವರ್ಷದ ಸೇವೆಯನ್ನು ಬರೆಸಿಕೊಂಡ ಕಾಗದದಲ್ಲಿ, ಆ ಹತ್ತು ವರ್ಷ ಅವನು ಎಲ್ಲಿ ಮಲಗಬೇಕು ಎಂಬ ಒಂದು ಸಾಲು ಇರಬೇಕಿತ್ತು ಎಂಬುದಷ್ಟೇ ನಮ್ಮ ಮಾತು.

ಇನ್ನು, ಅಂತಾರಾಷ್ಟ್ರೀಯ ಲೋಕಸೇವೆ ಎಂಬಲ್ಲಿನ ಲೋಕ ಯಾವುದು? ರಾಬರ್ಟ್‌ಸನ್ ದಂಪತಿಯ ಮಟ್ಟಿಗೆ ಅಮೆರಿಕ ಸರಕಾರದ ಸೇವೆಯೇ ಲೋಕದ ಸೇವೆ. ವಿಶ್ವಸಂಸ್ಥೆಯ ಸನ್ನದಿನ 100ನೇ ವಿಧಿ ಇದಕ್ಕೆ ತದ್ವಿರುದ್ಧವಾದುದನ್ನು ಹೇಳುತ್ತದೆ: ಅದರ ನೌಕರರು ಯಾವ ಸರಕಾರದಿಂದಲೂ ಆದೇಶ ಪಡೆಯುವಂತಿಲ್ಲ. ಆದರೆ ಅದೇ ವಿಶ್ವಸಂಸ್ಥೆಗೆ ಕಿರಿಯ ಅಧಿಕಾರಿಗಳನ್ನು ಕಳಿಸುವ ಮುಖ್ಯ ಯೋಜನೆಯೊಂದರಲ್ಲಿ ಶ್ರೀಮಂತ ರಾಷ್ಟ್ರಗಳು ಹೆಚ್ಚಾಗಿ ತಮ್ಮ ಪ್ರಜೆಗಳ ಸಂಬಳವನ್ನೇ ಭರಿಸುತ್ತವೆ. ನೆದರ್ಲೆಂಡ್ಸ್‌ನಂಥ ಕೆಲವು ದೇಶಗಳು ಮಾತ್ರ ಬಡರಾಷ್ಟ್ರಗಳ ಯುವಕರಿಗೂ ಹಣ ಕೊಡುತ್ತವೆ. ಹೀಗಾಗಿ ಬರಗಾಲ ಕಂಡವರಿಗಿಂತ ಬರಗಾಲವನ್ನು ಪಠ್ಯದಲ್ಲಿ ಓದಿದವರೇ ಬರ ಪರಿಹಾರದ ಕಚೇರಿಗೆ ಮೊದಲು ತಲುಪುತ್ತಾರೆ.

ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಸಿಗುವ ವಿದೇಶಿ ನೆರವಿನ ಶರ್ತ ಬೇರೆ ಬಗೆಯದು. ಬ್ರಿಟನ್ನಿನ ಚೀವ್ನಿಂಗ್ ಪಡೆದವರು ಓದು ಮುಗಿಸಿ ಎರಡು ವರ್ಷ ತಮ್ಮ ದೇಶದಲ್ಲಿರಬೇಕು. 1987ರಿಂದ ನಡೆದುಬಂದಿರುವ ಜಪಾನ್ ಮತ್ತು ವಿಶ್ವಬ್ಯಾಂಕಿನ ಜಂಟಿ ವಿದ್ಯಾರ್ಥಿವೇತನಕ್ಕೂ ಮರಳುವ ಕರಾರಿದೆ. ಇಲ್ಲಿ ದಾನಿ ಸೇವೆಯನ್ನು ತನಗೆ ಕೇಳುವುದಿಲ್ಲ, ನಿನ್ನವರಿಗೆ ಮಾಡು ಎನ್ನುತ್ತಾನೆ. ಇದು ಹೆಚ್ಚು ಮಾನವಂತ ಶರ್ತವೆಂದು ನಮಗೆ ಕಾಣುತ್ತದೆ. ಆದರೆ ಮರಳಿ ಬಂದವರನ್ನು ಬಳಸಿಕೊಳ್ಳುವ ಹೊಣೆ ಆಗ ನಮ್ಮ ಮೇಲೆ ಬೀಳುತ್ತದೆ. ನಾವು ಹೊತ್ತಿದ್ದೇವೆಯೇ? ವಿದೇಶದಲ್ಲಿ ಓದುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಸಾಲದ ಬಡ್ಡಿಗೆ ನೆರವಾಗುತ್ತಿದ್ದ ಪಢೋ ಪರ್‌ದೇಶ್ ಯೋಜನೆಯನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿತು. ಅದೇ ವರ್ಷ ಮೌಲಾನಾ ಆಝಾದ್ ಫೆಲೊಶಿಪ್ಪೂ ನಿಂತಿತು. ಪರಿಶಿಷ್ಟ ಜಾತಿಯವರಿಗಿರುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಉಳಿದಿದೆಯಾದರೂ, 2022ರ ನಿಯಮಗಳು ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜವನ್ನು ಕುರಿತ ವಿಷಯಗಳನ್ನು ವಿದೇಶದಲ್ಲಿ ಓದುವುದಕ್ಕೆ ಹಣವಿಲ್ಲ ಎಂದವು. ಸೇವೆಯ ಶರ್ತವಲ್ಲ ಇದು, ಯೋಚನೆಯ ಮೇಲೆಯೇ ಹಾಕಿದ ಶರ್ತ. 1916ರಲ್ಲಿ ಕೊಲಂಬಿಯಾದ ವಿಚಾರಗೋಷ್ಠಿಯೊಂದರಲ್ಲಿ ಅಂಬೇಡ್ಕರ್ ಮಂಡಿಸಿದ ಪ್ರಬಂಧ ಭಾರತದ ಜಾತಿಗಳ ಹುಟ್ಟನ್ನು ಕುರಿತದ್ದಾಗಿತ್ತು. ಬರೋಡಾದ ದೊರೆ ಹತ್ತು ವರ್ಷದ ಸೇವೆ ಬರೆಸಿಕೊಂಡಿದ್ದರು ನಿಜ, ಆ ವಿಷಯವನ್ನು ಬರೆಯಬೇಡ ಎಂದಿರಲಿಲ್ಲ.